ಸಹಾಯ ಬೇಕು: ರಸ್ತೆ ಬದಿಗೆ ಹಾಕಿದ ತಂಗಡಿ ಬೀಜ ಹುಟ್ಟುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ನಮ್ಮೂರು ಚಿತ್ರದುರ್ಗದ ಕಡೆ, ಮಳೆ ಕಮ್ಮಿ. ಊರ ರಸ್ತೆಯ ಎರಡೂ ಬದಿ ಈಗ ಬರೀ ಕಾಂಗ್ರೆಸ್ ಗಿಡ. ಮೊದಲು ಅಲ್ಲೇ ತಂಗಡಿ, ತುಂಬೆ ಬೇಕಾದಷ್ಟಿದ್ದವು. ತುಂಬೆಗೆ ಕೋಲುಜೇನು ಮುತ್ತುತ್ತಿದ್ದವು, ತಂಗಡಿಗೆ ದಪ್ಪ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿಕೊಂಡು ಗುಂಯ್ ಅಂತ ನಡುಗಿಸಿ ಪರಾಗ ಉದುರಿಸುವುದನ್ನು ನೋಡುವುದೇ ಚೆಂದ. ಅವನ್ನೇ ಮತ್ತೆ ಬೆಳೆಸಬೇಕು ಅಂತ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಹೊರಟಿದ್ದೇವೆ.

ತುಂಬೆ ಪರವಾಗಿಲ್ಲ, ಬೀಜ ಚೆಲ್ಲಿದ ಕಡೆ ಹುಟ್ಟಿದೆ. ತಂಗಡಿಯದೇ ಕಷ್ಟ. ಒಣಗಿದ ಕಾಯಿಂದ ಬೀಜ ಬಿಡಿಸಿ, ಮುಂಗಾರು ಬಿದ್ದ ಮೇಲೆ ಹಾಗೇ ಹಾಕಿದೆವು, ಏಳಲೇ ಇಲ್ಲ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ ಹಾಕಿದರೂ ಅಲ್ಲೊಂದು ಇಲ್ಲೊಂದು ಅಷ್ಟೇ. ಮಣ್ಣು ಕೆದಕಿ ನೋಡಿದರೆ ಬೀಜ ಊದದೆ ಕಲ್ಲಿನ ಹಾಗೆ ಕೂತಿದೆ. ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುತ್ತಿಲ್ಲ, ಅಲ್ವಾ? ಒಬ್ಬರು ಬಿಸಿನೀರು ಹಾಕಿ ಅಂತಾರೆ, ಇನ್ನೊಬ್ಬರು ಮರಳಲ್ಲಿ ಉಜ್ಜಿ ಅಂತಾರೆ. ನರ್ಸರಿಯಲ್ಲಿ ಕೇಳಿದರೆ ಗುಲ್‌ಮೊಹರ್ ತಗೊಳ್ಳಿ ಅಂತಾರೆ, ಅದು ಮಡಗಾಸ್ಕರ್ ಮರ, ನಮಗೆ ಬೇಕಿರುವುದು ಇಲ್ಲಿಯದೇ ಗಿಡ.

ತಂಗಡಿ ಬೀಜ ಹುಟ್ಟಿಸಿದವರು ದಯವಿಟ್ಟು ಹೇಳಿ: ಬಿಸಿನೀರಾದರೆ ಎಷ್ಟು ಬಿಸಿ, ಎಷ್ಟು ಹೊತ್ತು? ಆಮೇಲೆ ನೇರ ರಸ್ತೆ ಬದಿಗೇ ಹಾಕುವುದಾ, ಇಲ್ಲ ಕವರಲ್ಲಿ ಸಸಿ ಮಾಡಿಕೊಂಡು ನೆಡುವುದಾ?