ಸಹಾಯ ಬೇಕು: ಕಾದಂಬರಿ ನಾಟಕವಾದಾಗ ಮನಸ್ಸಿನ ಮಾತು ಎಲ್ಲಿ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಕಾದಂಬರಿಗೂ ನಾಟಕಕ್ಕೂ ಇರುವ ವ್ಯತ್ಯಾಸದ ಬಗ್ಗೆ ನಮ್ಮ ಓದುಬಳಗದಲ್ಲಿ ಮಾತಾಡಬೇಕಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆರಿಸಿಕೊಂಡಿದ್ದೇನೆ. ಪುಸ್ತಕ ಬಂದದ್ದು 1967ರಲ್ಲಿ. ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಅದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ತಂದದ್ದು 2010ರಲ್ಲಿ, ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು.

ಕಾದಂಬರಿಯಲ್ಲಿ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುವಾಗ ಸುತ್ತಲಿನ ಕಾಡು, ಅವನ ಮನಸ್ಸಿನ ಲೆಕ್ಕಾಚಾರ ಎಲ್ಲವನ್ನೂ ಲೇಖಕರೇ ಹೇಳುತ್ತಾರೆ, ಬೇಕಾದರೆ ನಾವು ಪುಟ ಹಿಂದಕ್ಕೆ ತಿರುಗಿಸಿ ಮತ್ತೆ ಓದಬಹುದು. ರಂಗದ ಮೇಲೆ ಅದೆಲ್ಲ ನಟನ ಮೈ, ಮಾತು, ಬೆಳಕು, ಹಾಡಿನಲ್ಲೇ ಆ ಕ್ಷಣಕ್ಕೆ ದಾಟಬೇಕು, ಅಲ್ವಾ? ಆದರೆ ಈ ನಾಟಕದಲ್ಲಿ ಜೋಗಿಗಳು ಕಥೆ ಹೇಳುತ್ತಾರೆ. ಅಂದರೆ ನಿರೂಪಕ ಪೂರ್ತಿ ಮಾಯವಾಗಿಲ್ಲ! ಸುಮ್ನೆ ‘ನಾಟಕದಲ್ಲಿ ಸಂಭಾಷಣೆ ಜಾಸ್ತಿ’ ಅಂತ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ನಾಟಕ ನೋಡಿದವರು ದಯವಿಟ್ಟು ಹೇಳಿ: ಪುಸ್ತಕದ ಎಷ್ಟೋ ಪುಟಗಳು ಒಂದೇ ಚಲನೆಯಲ್ಲಿ ಬಂದ ದೃಶ್ಯ ಯಾವುದು? ಏನು ಬಿಟ್ಟುಹೋಯಿತು ಅನ್ನಿಸಿತು? ರಂಗರೂಪದ ಪ್ರತಿ ಯಾರ ಬಳಿಯಾದರೂ ಇದ್ದರೆ ಕೊಡಿ, ಓದಿ ಜೋಪಾನವಾಗಿ ಹಿಂತಿರುಗಿಸುತ್ತೇನೆ. ಮೈಸೂರಾದರೂ ಸರಿ, ಬೆಂಗಳೂರಾದರೂ ಸರಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ.