ವಾಲ್ವೆರ್ದೆ ವಿಷಯ ಅಕ್ಕನ ಮಗನಿಗೆ ಏನಂತ ಹೇಳಲಿ?

ಮಂಡಗದ್ದೆ ಸವಾರ:

ಎಲ್ಲರಿಗೂ ನಮಸ್ಕಾರ. ನಾಲ್ಕೈದು ಜನ ಸೇರಿ ಭಾನುವಾರ ಸೈಕಲ್ ತುಳಿಯುವವರು ನಾವು. ಮಳೆ ಬಿಟ್ಟ ಮೇಲೆ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗಿ, ಸೋಮೇಶ್ವರದವರೆಗೆ ಇಳಿದು, ಅದೇ ಹದಿನಾಲ್ಕು ತಿರುವು ಮತ್ತೆ ಹತ್ತಿ ಬರುತ್ತೇವೆ. ಈಗ ಮಳೆಗಾಲ. ಮನೆಯಲ್ಲೇ ಕೂತು ಹಳೆಯ ರೇಸುಗಳ ವಿಡಿಯೊ ನೋಡುವುದೇ ಕೆಲಸ.

ಹೋದ ವಾರ ಅಕ್ಕನ ಮಗ ಬಂದಿದ್ದ. ಹದಿನಾರು ವರ್ಷ. ಸೈಕಲ್ ಹುಚ್ಚು ಅವನಿಗೆ ನನ್ನಿಂದಲೇ ಹತ್ತಿದ್ದು. ಇಬ್ಬರೂ ಕೂತು 2018ರ ವಿಶ್ವ ಚಾಂಪಿಯನ್‌ಷಿಪ್ ರೇಸ್ ಹಾಕಿದೆವು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನದ್ದು. ಕೊನೆಗೆ ಉಳಿದದ್ದು ನಾಲ್ಕೇ ಜನ: ಸ್ಪೇನಿನ ವಾಲ್ವೆರ್ದೆ, ಬಾರ್ದೆ, ವುಡ್ಸ್, ಹಿಂದಿನಿಂದ ಬಂದು ಸೇರಿಕೊಂಡ ಡ್ಯುಮುಲಿನ್. ಎಲ್ಲರಿಗಿಂತ ಮುಂದೆ ಇದ್ದ ವಾಲ್ವೆರ್ದೆಯೇ ದೂರದಿಂದ ಸ್ಪ್ರಿಂಟ್ ಎಳೆದು ಗೆದ್ದ. ವಯಸ್ಸು 38. ಅದಕ್ಕೂ ಮುಂಚೆ ಇದೇ ರೇಸಿನಲ್ಲಿ ಆರು ಸಲ ಎರಡನೆಯದೋ ಮೂರನೆಯದೋ ಸ್ಥಾನಕ್ಕೆ ನಿಂತಿದ್ದ. ಹಿಂದಿನ ವರ್ಷ ಟೂರ್ ಡಿ ಫ್ರಾನ್ಸ್‌ನ ಮೊದಲ ದಿನವೇ ಒದ್ದೆ ರಸ್ತೆಯಲ್ಲಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡಿದ್ದ. ಗೆದ್ದ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಎಷ್ಟು ಸಲ ನೋಡಿದರೂ ನನಗೂ ಕಣ್ಣು ತುಂಬುತ್ತದೆ.

ಹುಡುಗ ಫೋನಿನಲ್ಲಿ ಏನೋ ಓದುತ್ತಿದ್ದವನು ತಲೆ ಎತ್ತಿ ಕೇಳಿದ, "ಮಾವ, ಇವನಿಗೆ ಎರಡು ವರ್ಷ ನಿಷೇಧ ಆಗಿತ್ತಂತೆ. ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು ಅಂದೆ.

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

ನನಗೆ ಉತ್ತರ ಬರಲಿಲ್ಲ. ನಾಲ್ಕು ವರ್ಷದಿಂದ ಇವನ ರೇಸು ತೋರಿಸಿ ತೋರಿಸಿ ಅವನಿಗೆ ಏರು ಹತ್ತುವುದು ಕಲಿಸಿದ್ದೇನೆ. ಆ ಎರಡು ವರ್ಷವನ್ನು ಮಾತ್ರ ದಾಟಿಸಿಕೊಂಡು ಹೋಗಿದ್ದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2006ರಲ್ಲಿ ಮ್ಯಾಡ್ರಿಡ್‌ನಲ್ಲಿ ಫುವೆಂತೆಸ್ ಎಂಬ ವೈದ್ಯರ ಜಾಗಗಳ ಮೇಲೆ ಪೊಲೀಸರು ದಾಳಿ ಮಾಡಿದರು. ಫ್ರಿಜ್ಜಿನಲ್ಲಿ ಸವಾರರ ರಕ್ತದ ಚೀಲಗಳು ಸಿಕ್ಕವು. ಮುಂಚೆಯೇ ರಕ್ತ ತೆಗೆದಿಟ್ಟುಕೊಂಡು ರೇಸಿನ ಹೊತ್ತಿಗೆ ವಾಪಸ್ ಏರಿಸಿಕೊಳ್ಳುವ ದಂಧೆ. 2008ರ ಟೂರ್ ಡಿ ಫ್ರಾನ್ಸ್ ಇಟಲಿಯೊಳಗೆ ಹೋದಾಗ ಅಲ್ಲಿಯ ಮದ್ದು ತಪಾಸಣೆಯವರು ವಾಲ್ವೆರ್ದೆಯ ರಕ್ತ ತೆಗೆದುಕೊಂಡರು. 18ನೇ ನಂಬರಿನ ಚೀಲದ ಜೊತೆ ಡಿಎನ್ಎ ಹೊಂದಿತು. 2009ರಲ್ಲಿ ಇಟಲಿ ನಿಷೇಧಿಸಿತು. 2010ರ ಮೇನಲ್ಲಿ ಕ್ರೀಡಾ ನ್ಯಾಯ ಮಂಡಳಿ ಅದನ್ನು ಜಗತ್ತಿಗೆಲ್ಲ ಅನ್ವಯ ಮಾಡಿತು. ಆ ವರ್ಷದ ಜನವರಿ 1ರಿಂದ ಲೆಕ್ಕ ಹಿಡಿದು ಎರಡು ವರ್ಷ. 2012ರ ಜನವರಿಯಲ್ಲಿ ಆಸ್ಟ್ರೇಲಿಯಾದ ರೇಸಿಗೆ ಬಂದ, ವಿಲುಂಗಾ ಗುಡ್ಡದ ಮೇಲೆ ಒಂದು ದಿನದ ಹಂತ ಗೆದ್ದೇಬಿಟ್ಟ. ತಪ್ಪು ಮಾಡಿದೆ ಅಂತ ಮಾತ್ರ ಯಾವತ್ತೂ ಒಪ್ಪಿಕೊಂಡಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಿಷೇಧ ಮುಗಿಸಿ ಬಂದವನಿಗೆ ಮುಂಚಿನ ಹಾಗೇ ಚಪ್ಪಾಳೆ ತಟ್ಟಬಹುದಾ? ಹುಡುಗನಿಗೆ ಏನು ಹೇಳಲಿ?


ಹೊಸನಗರ ವಕೀಲ:

ಸವಾರರೇ, ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಅಪರಾಧ ಆಯಿತು, ಶಿಕ್ಷೆ ಆಯಿತು, ಶಿಕ್ಷೆ ಮುಗಿಯಿತು. ಅಲ್ಲಿಗೆ ಲೆಕ್ಕ ಚುಕ್ತಾ. ಆಗಿನ ನಿಯಮ ಎರಡು ವರ್ಷ, ಅವನು ಎರಡು ವರ್ಷ ಅನುಭವಿಸಿದ. 2015ರಿಂದ ಬೇಕಂತಲೇ ಮಾಡಿದವರಿಗೆ ನಿಷೇಧ ನಾಲ್ಕು ವರ್ಷಕ್ಕೆ ಏರಿದೆ, ಅದು ಬೇರೆ ಮಾತು. ಆಜೀವ ನಿಷೇಧ ಹಾಕದೆ ವಾಪಸ್ ಬರಲು ಬಾಗಿಲು ಇಟ್ಟಿದ್ದಾರೆ ಅಂದರೆ ಬಂದವನನ್ನು ಒಳಗೆ ಸೇರಿಸಿಕೊಳ್ಳಲೇಬೇಕು ಅಲ್ವಾ? ಬಾಗಿಲು ತೆಗೆದಿಟ್ಟು ಹೊಸ್ತಿಲಲ್ಲಿ ನಿಲ್ಲಿಸಿ ಬೈಯುವುದು ನ್ಯಾಯ ಅಲ್ಲ.

ಇನ್ನೊಂದು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. 2006ರ ಚೀಲದ ರಕ್ತ 2018ರಲ್ಲಿ ಅವನ ಮೈಯಲ್ಲಿ ಒಂದು ಹನಿಯೂ ಇರಲಿಲ್ಲ. 2008ರಿಂದ ಪ್ರತಿ ಸವಾರನ ರಕ್ತದ ಲೆಕ್ಕವನ್ನು ವರ್ಷವಿಡೀ ಪಾಸ್‌ಪೋರ್ಟ್ ಥರ ಬರೆದಿಡುತ್ತಾರೆ. ಇನ್ಸ್‌ಬ್ರುಕ್ ಗೆಲುವಿನ ಮೇಲೆ ಯಾರೂ ಬೆರಳು ತೋರಿಸಿಲ್ಲ. ನೀವು ಕಣ್ಣು ಒರೆಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ.


ನಿವೃತ್ತ ಪಿಟಿ ಮೇಷ್ಟ್ರು:

ಸೈಕಲ್ ರೇಸು ನನಗೆ ಅಷ್ಟು ತಿಳಿಯದು. ಓಟ ತಿಳಿದಿದೆ. ಹುಲಿಕಲ್ ಘಾಟಿ ಇಳಿದರೆ ಸಿಗುವ ಸಿದ್ದಾಪುರದ ಕಡೆಯ ಹುಡುಗಿ ಅಶ್ವಿನಿ ಅಕ್ಕುಂಜೆ 2010ರಲ್ಲಿ ಕಾಮನ್‌ವೆಲ್ತ್ ರಿಲೇ ಚಿನ್ನ, ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ತಂದಾಗ ನಾನು ಶಾಲೆಯಲ್ಲಿ ಸಿಹಿ ಹಂಚಿದ್ದೆ. ಮರುವರ್ಷ ಆಕೆ ಮತ್ತು ರಿಲೇಯ ಜೊತೆಗಾತಿಯರ ಪರೀಕ್ಷೆಯಲ್ಲಿ ಸ್ಟಿರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂದದ್ದು ಅಂತ ಹುಡುಗಿಯರು ಹೇಳಿದರು. ಮೊದಲು ಒಂದು ವರ್ಷ ನಿಷೇಧ, ಆಮೇಲೆ 2012ರಲ್ಲಿ ಕ್ರೀಡಾ ನ್ಯಾಯ ಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ನಿಮ್ಮ ಮೈಯೊಳಗೆ ಹೋದದ್ದಕ್ಕೆ ನೀವೇ ಹೊಣೆ, ನಿಯಮ ಇರುವುದೇ ಹಾಗೆ. ಅದೇ ಗುಂಪಿನ ಮನ್‌ದೀಪ್ ಕೌರ್ ಶಿಕ್ಷೆ ಮುಗಿಸಿ ಬಂದು 2014ರ ಇಂಚಿಯಾನ್‌ನಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿ ಓಡಿದಳು. ಆ ದಿನ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಮುಚ್ಚಿಡುವುದಿಲ್ಲ.

ಹಾಸ್ಟೆಲ್‌ಗಳಲ್ಲಿ ನಾನು ನೋಡಿದ್ದೇನೆ. ಹದಿನೇಳು ವರ್ಷದ ಮಗು, ಮನೆಯಲ್ಲಿ ಗಂಜಿ ಉಂಡು ಬಂದದ್ದು. ಚೀಟಿ ಕಿತ್ತ ಡಬ್ಬದ ಪುಡಿಯನ್ನು ದೊಡ್ಡವರು ಕೊಟ್ಟರೆ ಕುಡಿಯುತ್ತದೆ. ಇದೇನು ಸರ್ ಅಂತ ಕೇಳುವ ಧೈರ್ಯ ಅದಕ್ಕೆ ಎಲ್ಲಿಂದ ಬರಬೇಕು? ನಿಮ್ಮ ಹುಡುಗ "ಯಾಕೆ ಹೇಳಲಿಲ್ಲ" ಅಂತ ನಿಮ್ಮನ್ನು ಕೇಳಿದನಲ್ಲ, ಅದು ಒಳ್ಳೆಯದು. ಅವನಿಗೆ ಕೇಳುವುದು ಬರುತ್ತದೆ.


ಸಾಗರದ ಹುಡುಗಿ:

ವಾಪಸ್ ಬಂದವನ ಕಣ್ಣೀರಿನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದೀರಿ. ಸೈಮನ್ ಸ್ಪಿಲಾಕ್ ಹೆಸರು ಯಾರಿಗಾದರೂ ನೆನಪಿದೆಯಾ? 2010ರಲ್ಲಿ ಸ್ವಿಟ್ಜರ್ಲೆಂಡಿನ ರೊಮಾಂಡಿ ರೇಸನ್ನು ವಾಲ್ವೆರ್ದೆ ಗೆದ್ದಿದ್ದ. ಒಂದು ತಿಂಗಳಲ್ಲಿ ತೀರ್ಪು ಬಂತು, ಆ ವರ್ಷದ ಫಲಿತಾಂಶ ರದ್ದಾಯಿತು, ಎರಡನೆಯವನಾಗಿದ್ದ ಸ್ಪಿಲಾಕ್ ಗೆದ್ದ ಅಂತ ಕಾಗದದ ಮೇಲೆ ಬರೆದರು. ಕೊನೆಯ ದಿನ ಮೇಲಿನ ಮೆಟ್ಟಿಲ ಮೇಲೆ ನಿಂತು ಹೂಗುಚ್ಛ ಹಿಡಿದವನು ಬೇರೆಯವನೇ. ಆ ಸಂಜೆಯನ್ನು ಅವನಿಗೆ ಯಾರು ವಾಪಸ್ ಕೊಡುತ್ತಾರೆ?

ಕಾಲೇಜಿನಲ್ಲಿ ನಾನು 800 ಮೀಟರ್ ಓಡುತ್ತಿದ್ದೆ. ಒಂದು ಆಯ್ಕೆ ಸ್ಪರ್ಧೆಯಲ್ಲಿ ನಾಲ್ಕನೆಯವಳಾದೆ. ಮೊದಲ ಮೂವರಿಗೆ ಮಾತ್ರ ಅವಕಾಶ. ಆ ಮೂವರಲ್ಲಿ ಒಬ್ಬಳು ಮುಂದಿನ ವರ್ಷ ಸಿಕ್ಕಿಬಿದ್ದಳು. ಅಷ್ಟು ಹೊತ್ತಿಗೆ ನಾನು ಓಟ ಬಿಟ್ಟು ಬಿಎಡ್‌ಗೆ ಸೇರಿದ್ದೆ. ಆಕೆ ನಿಷೇಧ ಮುಗಿಸಿ ಮತ್ತೆ ಓಡಿದಳು. ನನ್ನ ಓಟ ಮಾತ್ರ ಅಲ್ಲಿಗೇ ಮುಗಿದಿತ್ತು.

ವಕೀಲರೇ, ರಕ್ತದ ಲೆಕ್ಕ ಒಪ್ಪುತ್ತೇನೆ. ಆದರೆ ಎಲ್ಲ ಮದ್ದೂ ಹಾಗೆ ಇಳಿದು ಹೋಗುವುದಿಲ್ಲ. ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದವರು ಇಲಿಗಳಿಗೆ ಟೆಸ್ಟೊಸ್ಟಿರಾನ್ ಕೊಟ್ಟು ನಿಲ್ಲಿಸಿ, ಮೂರು ತಿಂಗಳು ಬಿಟ್ಟು ಸ್ನಾಯುಗಳಿಗೆ ಕೆಲಸ ಕೊಟ್ಟರು. ಮದ್ದು ತಿಂದಿದ್ದ ಇಲಿಗಳ ಸ್ನಾಯು ಉಳಿದವಕ್ಕಿಂತ ಬೇಗ ದಪ್ಪ ಆಯಿತು. ಇಲಿಯ ಆಯಸ್ಸಿಗೆ ಮೂರು ತಿಂಗಳು ಅಂದರೆ ಕಡಿಮೆಯಲ್ಲ. ಹಾಗಾಗಿ ಎರಡು ವರ್ಷಕ್ಕೆ ಎಲ್ಲಾ ಚುಕ್ತಾ ಅಂತ ಅಷ್ಟು ಸಲೀಸಾಗಿ ಹೇಳಬೇಡಿ.


ಮಂಡಗದ್ದೆ ಸವಾರ:

ಎಲ್ಲರದ್ದೂ ಎರಡೆರಡು ಸಲ ಓದಿದೆ. ಸಾಗರದ ತಂಗಿ, ನಿಮ್ಮ ನಾಲ್ಕನೇ ಸ್ಥಾನದ ಮಾತು ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಪ್ರಶ್ನೆ ಕೇಳುವಾಗ ಒಂದು ವಿಷಯ ಬರೆದಿರಲಿಲ್ಲ, ಈಗ ಬರೆಯುತ್ತೇನೆ.

ನನ್ನ ಅಮ್ಮನಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಡಾಕ್ಟರು ಒಂದು ಇಂಜೆಕ್ಷನ್ ಬರೆದರು. ಎರಿತ್ರೊಪೊಯೆಟಿನ್. ಸೈಕಲ್ ರೇಸು ನೋಡುವವರೆಲ್ಲ ಇಪಿಒ ಅನ್ನುತ್ತೇವಲ್ಲ, ಅದೇ. ಕೆಂಪು ರಕ್ತಕಣ ಹುಟ್ಟಿಸು ಅಂತ ಮೈಗೆ ಹೇಳುವ ಹಾರ್ಮೋನು. ಕಿಡ್ನಿಯೇ ಅದನ್ನು ಮಾಡುವುದು. ಕಿಡ್ನಿ ಹೋದವರಿಗೆ ಹೊರಗಿನಿಂದ ಕೊಡಬೇಕು.

ಅದನ್ನು ತಣ್ಣಗೇ ಇಡಬೇಕು, ಎರಡರಿಂದ ಎಂಟು ಡಿಗ್ರಿ. ಜುಲೈ ತಿಂಗಳು. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ನಮ್ಮ ಕಡೆ ಮೂರು ದಿನ ಬರುವುದಿಲ್ಲ. ಮೀನಿನ ಅಂಗಡಿಯಿಂದ ಐಸ್ ತಂದು ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿ, ಇಂಜೆಕ್ಷನ್ ಐಸಿಗೆ ತಾಗದ ಹಾಗೆ ಬಟ್ಟೆ ಸುತ್ತಿ ಇಡುತ್ತಿದ್ದೆ. ಹೆಪ್ಪುಗಟ್ಟಿದರೆ ಅದೂ ಹಾಳು. ರಾತ್ರಿ ಎರಡು ಸಲ ಎದ್ದು ನೋಡುತ್ತಿದ್ದೆ. ಒಂದೂವರೆ ತಿಂಗಳ ಮೇಲೆ ಹಿಮೋಗ್ಲೋಬಿನ್ ಹತ್ತು ಮುಟ್ಟಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಹಾಸಿಗೆಯಲ್ಲಿ ಇಲ್ಲ. ಹುಡುಕಿಕೊಂಡು ಹೋದರೆ ತೋಟದಲ್ಲಿ ಕೋಲು ಊರಿಕೊಂಡು ನಿಂತು, ಈ ಸಲ ಕೊಳೆರೋಗಕ್ಕೆ ಅಡಿಕೆ ಎಷ್ಟು ಉದುರಿದೆ ಅಂತ ನೋಡುತ್ತಿದ್ದರು.

ಆ ಮದ್ದಿನ ಶಕ್ತಿ ನಾನು ಕಣ್ಣಾರೆ ಕಂಡಿದ್ದೇನೆ. ಗೋಡೆ ಹಿಡಿದು ನಿಲ್ಲುವವರನ್ನು ತೋಟಕ್ಕೆ ಕಳಿಸುವ ಮದ್ದು ಅದು. ಗಟ್ಟಿಮುಟ್ಟಾದ ಇಪ್ಪತ್ತೈದರ ಸವಾರ ಅದನ್ನು ಗುಟ್ಟಾಗಿ ಚುಚ್ಚಿಕೊಂಡರೆ ಏನಾಗುತ್ತದೆ ಅಂತ ಯೋಚಿಸಿ. ಏರು ಹತ್ತುವುದೂ ಹೌದು, ರಕ್ತ ದಪ್ಪ ಆಗಿ ಹೆಪ್ಪುಗಟ್ಟುವ ಅಪಾಯವೂ ಹೌದು.

ಬ್ರಿಟನ್ನಿನ ಸವಾರ ಡೇವಿಡ್ ಮಿಲ್ಲರ್ ಚುಚ್ಚಿಕೊಂಡದ್ದು ಇದೇ ಇಪಿಒ. 2004ರಲ್ಲಿ ಬಿಯಾರಿಟ್ಸ್‌ನ ಅವನ ಮನೆಯಲ್ಲಿ ಬಳಸಿದ ಸಿರಿಂಜು ಸಿಕ್ಕಿತು. ಎಲ್ಲಾ ಒಪ್ಪಿಕೊಂಡ. ಹಿಂದಿನ ವರ್ಷದ ವಿಶ್ವ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ ರೇಸು) ಪಟ್ಟ ಹೋಯಿತು, ಎರಡು ವರ್ಷ ನಿಷೇಧ ಆಯಿತು. 2006ರ ಟೂರ್‌ಗೆ ವಾಪಸ್ ಬಂದ ಮೇಲೆ ತಾನು ಏನು ಮಾಡಿದೆ, ಹೇಗೆ ಜಾರಿದೆ ಅಂತ ಕೇಳಿದವರಿಗೆಲ್ಲ ಹೇಳಿದ. ಕ್ರೀಡೆಯಲ್ಲಿ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ಅಥ್ಲೀಟ್‌ಗಳ ಸಮಿತಿಯಲ್ಲೂ ಕೂತ. 2012ರ ಜುಲೈ 13ರಂದು ಟೂರ್‌ನಲ್ಲಿ ಒಂದು ಹಂತ ಗೆದ್ದ. 1967ರಲ್ಲಿ ಅವನದೇ ದೇಶದ ಟಾಮ್ ಸಿಂಪ್ಸನ್ ಆಂಫೆಟಮಿನ್ ಎಂಬ ಉತ್ತೇಜಕ ಮದ್ದು ನುಂಗಿ ಮಾಂ ವಾಂಟೂ ಬೆಟ್ಟದ ಏರಿನಲ್ಲಿ ಬಿದ್ದು ತೀರಿಕೊಂಡದ್ದೂ ಜುಲೈ 13ರಂದೇ. ಮಿಲ್ಲರ್ ಗೆದ್ದಾಗ ನನಗೆ ಒಳಗೆ ಏನೂ ಚುಚ್ಚಲಿಲ್ಲ. ವಾಲ್ವೆರ್ದೆ ಗೆದ್ದಾಗ ಖುಷಿ ಜಾಸ್ತಿ ಆಯಿತು, ಚುಚ್ಚಿತು ಕೂಡ. ಇಬ್ಬರದ್ದೂ ಎರಡೇ ವರ್ಷ. ಒಬ್ಬ ಬಾಯಿ ಬಿಟ್ಟ, ಇನ್ನೊಬ್ಬ ಬಿಡಲಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಅಲ್ಲಿದೆ.


ಹೊಸನಗರ ವಕೀಲ:

ಅಮ್ಮನ ವಿಷಯ ಓದಿ ಮನಸ್ಸು ಭಾರ ಆಯಿತು. ಆದರೂ ಒಂದು ಮಾತು. ಮಿಲ್ಲರ್ ತಾನಾಗಿ ಬಂದು ಹೇಳಲಿಲ್ಲ. ಪೊಲೀಸರು ಮನೆ ಹೊಕ್ಕ ಮೇಲೆ ಹೇಳಿದ. ಸಿಕ್ಕಿಬಿದ್ದ ಮೇಲಿನ ಒಪ್ಪಿಗೆಗೆ ಅಷ್ಟು ಬೆಲೆ ಕೊಡಬೇಕಾ?


ಮಂಡಗದ್ದೆ ಸವಾರ:

ಹೌದು, ಸಿಕ್ಕಿಬಿದ್ದ ಮೇಲೆಯೇ. ಆದರೂ ಕೊಡುತ್ತೇನೆ ವಕೀಲರೇ. ಅವನು ಮಾತಾಡಿದ್ದರಿಂದ ಇನ್ನೊಬ್ಬ ಹುಡುಗನಿಗೆ ದಾರಿ ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಗುತ್ತದೆ. ಮೇಷ್ಟ್ರು ಹೇಳಿದ ಆ ಚೀಟಿ ಕಿತ್ತ ಡಬ್ಬ ಕೈಗೆ ಬಂದಾಗ ಕೇಳುವ ಧೈರ್ಯ ಬರುತ್ತದೆ. ವಾಲ್ವೆರ್ದೆಯನ್ನು ನಾನು ದ್ವೇಷಿಸುವುದಿಲ್ಲ, ಅವನ ಶಿಕ್ಷೆ ಮುಗಿದಿದೆ. ಆದರೆ ಅವನು ಹೇಳದೆ ಬಿಟ್ಟದ್ದನ್ನು ಈಗ ನಾನು ಹೇಳಬೇಕು, ನಾಲ್ಕು ವರ್ಷ ಮುಚ್ಚಿಟ್ಟವನು ನಾನೂ ಹೌದು.

ನಿನ್ನೆ ಹೇಳಿದೆ. ಚೀಲ, ಇಟಲಿ, ನಿಷೇಧ ಎಲ್ಲಾ. ಇಪಿಒ ಅಂದಾಗ ಹುಡುಗ ತಡೆದು ಕೇಳಿದ, "ಅಜ್ಜಿಗೆ ಕೊಡ್ತಿದ್ದದ್ದಾ? ನಾನು ಐಸ್ ತರ್ತಿದ್ನಲ್ಲ, ಅದಾ?" ಹೌದು ಅಂದೆ. ಆಗ ಅವನಿಗೆ ಎಂಟು ವರ್ಷ. ಮೀನಿನ ಅಂಗಡಿಯಿಂದ ಐಸ್ ಹಿಡಿದುಕೊಂಡು ಓಡಿ ಬರುತ್ತಿದ್ದ, ಅರ್ಧ ದಾರಿಯಲ್ಲೇ ಕರಗುತ್ತದೆ ಅಂತ.

ಸುಮಾರು ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಇನ್ಸ್‌ಬ್ರುಕ್ ರೇಸಿನ ಕೊನೆಯ ಐದು ಕಿಲೋಮೀಟರ್ ತಾನೇ ಮತ್ತೆ ಹಾಕಿದ. ವಾಲ್ವೆರ್ದೆ ಗೆರೆ ದಾಟಿದ ಮೇಲೂ ನಿಲ್ಲಿಸಲಿಲ್ಲ. ಹಿಂದೆ ಬಂದವರು ಹ್ಯಾಂಡಲ್ ಮೇಲೆ ತಲೆ ಬಗ್ಗಿಸಿಕೊಂಡು ನಿಲ್ಲುವವರೆಗೂ ನೋಡಿ ಕೇಳಿದ, "ಎರಡನೆಯವನ ಹೆಸರು ಏನು ಮಾವ?"

ರೊಮೇನ್ ಬಾರ್ದೆ ಅಂದೆ. ಇವತ್ತು ಬೆಳಿಗ್ಗೆಯಿಂದ ಅವನ ರೇಸುಗಳನ್ನು ಹುಡುಕಿ ನೋಡುತ್ತಿದ್ದಾನೆ. ಹೊರಗೆ ಮಳೆ ಇನ್ನೂ ಬಿಟ್ಟಿಲ್ಲ.