ಅಪ್‌ಡೇಟ್: ಅಲುಗಾಡುವ ವೀಡಿಯೊಗೆ ಯಾವ ಸಾಫ್ಟ್‌ವೇರ್ ಆರಿಸಿದೆ

ಕೈಯಲ್ಲಿ ಹಿಡಿದು, ನಡೆಯುತ್ತಾ ತೆಗೆದ ವೀಡಿಯೊಗಳ ಅಲುಗಾಟ ತೆಗೆಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಎರಡು ಇಟ್ಟುಕೊಂಡಿದ್ದೇನೆ.

ಫೋನಿನಲ್ಲಿ ತೆಗೆದದ್ದಕ್ಕೆ ಡಾವಿಂಚಿ ರಿಸಾಲ್ವ್ ಎಂಬ ವೀಡಿಯೊ ಎಡಿಟಿಂಗ್ ಸಾಫ್ಟ್‌ವೇರ್. ಉಚಿತ ಆವೃತ್ತಿಯಲ್ಲೇ ಸ್ಟೆಬಿಲೈಸೇಶನ್ (ಅಲುಗಾಟ ತೆಗೆಯುವ ಸೌಲಭ್ಯ) ಇದೆ. ಮೊದಲಿಗೆ ಅದರ ಪರ್ಸ್ಪೆಕ್ಟಿವ್ ಮೋಡ್ ಹಾಕಿದಾಗ ಹಿಂದಿನ ಗೋಡೆ, ಕಿಟಕಿಯ ಅಂಚು ಎಲ್ಲ ಜೆಲ್ಲಿಯಂತೆ ಬಳುಕುತ್ತಿದ್ದವು. ಸಿಮಿಲಾರಿಟಿ ಎಂಬ ಇನ್ನೊಂದು ಮೋಡ್‌ಗೆ ಬದಲಾಯಿಸಿ ಸ್ಟ್ರೆಂತ್ (ಸರಿಪಡಿಸುವ ತೀವ್ರತೆ) ಸ್ವಲ್ಪ ಇಳಿಸಿದ ಮೇಲೆ ಬಳುಕು ಬಹುಪಾಲು ಹೋಯಿತು. ನಡಿಗೆಯ ಸಣ್ಣ ಏರಿಳಿತ ಉಳಿದಿದೆ. ನನಗೆ ಅದೇ ಸಹಜ ಅನಿಸುತ್ತದೆ. ಜಾಸ್ತಿ ಎಳೆದರೆ ಅಂಚು ಕತ್ತರಿಸಿ ಜೂಮ್ ಆಗುತ್ತದೆ, ತಲೆಗಳೇ ಚೌಕಟ್ಟಿನಿಂದ ಹೊರಗೆ ಹೋಗುತ್ತವೆ!

ಆ್ಯಕ್ಷನ್ ಕ್ಯಾಮೆರಾದ ವೀಡಿಯೊಗೆ ಮಾತ್ರ ಗೈರೋಫ್ಲೋ. ಇದು ಉಚಿತ, ಓಪನ್ ಸೋರ್ಸ್. ಚಿತ್ರ ನೋಡಿ ಊಹಿಸುವುದಿಲ್ಲ, ಕ್ಯಾಮೆರಾ ದಾಖಲಿಸಿದ ಗೈರೋ (ಕ್ಯಾಮೆರಾ ತಿರುಗುವುದನ್ನು ಅಳೆಯುವ ಸೆನ್ಸರ್) ಮಾಹಿತಿ ಓದಿ ಸರಿಪಡಿಸುತ್ತದೆ. ಹಾಗಾಗಿ ಎದುರಿಗೆ ಯಾರಾದರೂ ಹಾದು ಹೋದರೂ ಗೊಂದಲವಾಗುವುದಿಲ್ಲ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ ಮೊದಲೇ ಆಫ್ ಮಾಡಿರಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಎರಡೂ ಒಂದಕ್ಕೊಂದು ಎಳೆದಾಡುತ್ತವೆ.

ಒಂದು ವಿಷಯಕ್ಕೆ ಮಾತ್ರ ಯಾವ ಸಾಫ್ಟ್‌ವೇರ್‌ನಲ್ಲೂ ಪರಿಹಾರ ಸಿಗಲಿಲ್ಲ: ಮಂದ ಬೆಳಕಿನ ಶಾಟ್‌ಗಳು. ಶಟರ್ ನಿಧಾನವಾದ್ದರಿಂದ ಫ್ರೇಮಿನೊಳಗೇ ಮಸುಕು ಕೂತಿರುತ್ತದೆ. ಅಲುಗಾಟ ಹೋದರೂ ಆ ಮಸುಕು ಹೋಗಲ್ಲ, ಚಿತ್ರ ಸುಮ್ನೆ ನಿಂತಲ್ಲೇ ಮಂಜಾಗಿ ಮಿಡಿಯುತ್ತದೆ. ಆ ಶಾಟ್‌ಗಳನ್ನು ಹಾಗೇ, ಅಲುಗಾಟದ ಸಮೇತ ಬಳಸುತ್ತಿದ್ದೇನೆ.